ಬೆಟ್ಟ ಹತ್ತಿದವರು ಎಲ್ಲಿ ಕೂತು ಉಂಡರು? ಶಿವಗಂಗೆಯಿಂದ ದೇವರಾಯನದುರ್ಗದವರೆಗೆ ಒಂದು ದಿನದ ಚರಿತ್ರೆ

ಡಿಸೆಂಬರ್, ಜನವರಿ ಬಂತೆಂದರೆ ಬೆಂಗಳೂರು–ತುಮಕೂರು ರಸ್ತೆಯಲ್ಲಿ ಭಾನುವಾರ ಬೆಳಗಿನ ಐದು ಗಂಟೆಗೇ ಬೈಕುಗಳ ಸಾಲು ಶುರುವಾಗುತ್ತದೆ. ಬೆನ್ನಿಗೆ ಬ್ಯಾಗು, ಕಿವಿ ಮುಚ್ಚುವ ಟೋಪಿ. ಒಂದಷ್ಟು ಜನ ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ಶಿವಗಂಗೆಗೆ ಹೋಗುತ್ತಾರೆ. ಇನ್ನೊಂದಷ್ಟು ಜನ ಬಲಕ್ಕೆ, ದೇವರಾಯನದುರ್ಗದ ಕಡೆಗೆ. ಬೆಟ್ಟ ಇಳಿದ ಮೇಲೆ ಎಲ್ಲರಿಗೂ ಒಂದೇ ಯೋಚನೆ: ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ.

ಟ್ರೆಕ್ಕಿಂಗ್ ಅನ್ನುವ ಪದ ನಮ್ಮ ಕಡೆಗೆ ಹೊಸದು. ಚಳಿಯಲ್ಲಿ ಬೆಟ್ಟ ಹತ್ತುವುದು ಹೊಸದಲ್ಲ. ಈ ಬೆಟ್ಟಗಳನ್ನು ನಮ್ಮ ಹಿರಿಯರು ನೂರಾರು ವರ್ಷಗಳಿಂದ ಹತ್ತಿದ್ದಾರೆ, ಅದೂ ಬರಿಗಾಲಲ್ಲಿ. ಯಾವ ರಾಜ ಕೋಟೆ ಕಟ್ಟಿಸಿದ, ಯಾವ ಗುಡಿ ಯಾವ ಕಾಲದ್ದು ಎನ್ನುವುದನ್ನು ಬಹಳ ಜನ ಬರೆದಿದ್ದಾರೆ. ಹತ್ತಿದವರು ಎಲ್ಲಿ ಕೂತು ಉಂಡರು, ಯಾರ ಪಕ್ಕ ಕೂತರು ಎಂದು ಕೇಳಿದವರು ಕಡಿಮೆ. ಇದೇ ರಸ್ತೆ ಹಿಡಿದು, ಆ ಪ್ರಶ್ನೆ ಇಟ್ಟುಕೊಂಡು ಒಂದು ದಿನ ಸುತ್ತಿ ಬರೋಣ.

ಸುಗ್ಗಿಯ ಹೊತ್ತಿನ ಬೆಟ್ಟ

ಮೊದಲು ಶಿವಗಂಗೆ. ನೆಲಮಂಗಲ ತಾಲ್ಲೂಕಿನ ಈ ಬೆಟ್ಟ ಸಮುದ್ರ ಮಟ್ಟದಿಂದ 1,300 ಮೀಟರಿಗಿಂತ ಎತ್ತರದಲ್ಲಿದೆ. ಪೂರ್ವದಿಂದ ನೋಡಿದರೆ ಬಸವ, ಪಶ್ಚಿಮದಿಂದ ಗಣಪ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆ ಎತ್ತಿದ ಹಾವು ಕಾಣುತ್ತದೆ ಎಂದು ಜನ ಹೇಳುತ್ತಾರೆ. ದಕ್ಷಿಣ ಕಾಶಿ ಎಂದೂ ಕರೆಯುತ್ತಾರೆ.

ಮೊದಲು ಅಗಲವಾದ ಮೆಟ್ಟಿಲು, ಗಂಗಾಧರೇಶ್ವರ ಮತ್ತು ಹೊನ್ನಾದೇವಿಯ ಗುಡಿಗಳು. ಗಂಗಾಧರೇಶ್ವರನ ಲಿಂಗಕ್ಕೆ ತುಪ್ಪ ಸವರಿದರೆ ಅದು ಬೆಣ್ಣೆಯಾಗುತ್ತದೆ ಎನ್ನುವುದು ಭಕ್ತರ ನಂಬಿಕೆ. ಸ್ವಲ್ಪ ಮೇಲೆ ಒಳಕಲ್ಲು ತೀರ್ಥ. ಬಂಡೆಯೊಳಗಿನ ಒರಳಿನಂಥ ಗುಳಿಗೆ ಕೈ ಇಳಿಬಿಟ್ಟಾಗ ನೀರು ಸಿಕ್ಕರೆ ಪುಣ್ಯವಂತರು ಎನ್ನುತ್ತಾರೆ. ಅಲ್ಲಿಂದಾಚೆಗೆ ದಾರಿ ಕಡಿದು. ಬಂಡೆಯಲ್ಲೇ ಕೊರೆದ ಸಣ್ಣ ಮೆಟ್ಟಿಲು, ಹಿಡಿದುಕೊಳ್ಳಲು ಕಬ್ಬಿಣದ ಕಂಬಿ. ತುದಿಯ ಹತ್ತಿರ ಒಂದೇ ಬಂಡೆಯಲ್ಲಿ ಕಡೆದ ಬಸವ. ಕೈಯಲ್ಲಿ ತಿಂಡಿ ಪೊಟ್ಟಣ ಇದ್ದರೆ ಅದು ನಿಮ್ಮದಲ್ಲ, ಕೋತಿಗಳದ್ದು.

ಈ ಬೆಟ್ಟಕ್ಕೆ ಚಳಿಗಾಲವೇ ಯಾಕೆ? ಉತ್ತರ ನಮ್ಮ ಹೊಲದಲ್ಲಿದೆ. ರಾಗಿ ಕೊಯ್ದು, ಮೆದೆ ಹಾಕಿ, ಕಣ ಮಾಡುವ ಕಾಲ ಇದು. ಕೈಯಲ್ಲಿ ಸ್ವಲ್ಪ ಕಾಳು, ಮನಸ್ಸಿಗೆ ಸ್ವಲ್ಪ ನೆಮ್ಮದಿ. ಬಿಸಿಲಿಗೆ ಕಾದ ಬಂಡೆಯ ಮೇಲೆ ಏಪ್ರಿಲ್‌ನಲ್ಲಿ ಬರಿಗಾಲಿಡಲು ಆಗುವುದಿಲ್ಲ. ಮಳೆಗಾಲದಲ್ಲಿ ಅದೇ ಬಂಡೆ ಜಾರುತ್ತದೆ. ಶಿವಗಂಗೆಯ ದೊಡ್ಡ ದಿನ ಸಂಕ್ರಾಂತಿ. ಅಂದು ನಸುಕಿನಲ್ಲಿ ಬೆಟ್ಟದ ತುದಿಯ ತೀರ್ಥದ ಕಂಬದ ಬಳಿ ಗಂಗೆ ಹುಟ್ಟುತ್ತಾಳೆ ಎನ್ನುವ ನಂಬಿಕೆ. ಆ ನೀರನ್ನು ತಂದು ಗಂಗಾಧರೇಶ್ವರ ಮತ್ತು ಹೊನ್ನಾದೇವಿಯ ಕಲ್ಯಾಣ ಮಾಡುತ್ತಾರೆ. ಜನ ಹಿಂದಿನ ರಾತ್ರಿಯೇ ಬಂದು ಚಳಿಯಲ್ಲಿ ಕಾಯುತ್ತಾರೆ. ಇವತ್ತು ಸೂರ್ಯೋದಯದ ಫೋಟೋಗೆ ಕಾಯುವವರೂ ಅದೇ ಬಂಡೆಗಳ ಮೇಲೆ ಕೂರುತ್ತಾರೆ.

ಶಾಸನ ಹೇಳುವುದು, ಜನ ಹೇಳುವುದು

ಮೇಲೆ ಒಂದು ಪ್ರಪಾತವಿದೆ. ಶಾಂತಲಾ ಡ್ರಾಪ್ ಎಂದು ಕರೆಯುತ್ತಾರೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಾಣಿ ಶಾಂತಲೆ ಇಲ್ಲಿಂದ ಹಾರಿ ಪ್ರಾಣ ಬಿಟ್ಟಳು ಎನ್ನುವುದು ಜನರ ಕತೆ. ಶ್ರವಣಬೆಳಗೊಳದ ಶಾಸನ ಹೇಳುವುದು ಇಷ್ಟು: 1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳು. ಹಾರಿದಳು ಎಂದು ಅದರಲ್ಲಿಲ್ಲ. ಮಗಳ ಸಾವಿನ ನಂತರ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಸಲ್ಲೇಖನ ಮಾಡಿ ದೇಹ ಬಿಟ್ಟಳು. ಅಂದರೆ ಸುಮಾರು 900 ವರ್ಷಗಳ ಹಿಂದೆಯೇ ಇದು ದೂರದ ಅರಮನೆಯವರೂ ಬರುವ ಹೆಸರಾಂತ ಜಾಗವಾಗಿತ್ತು.

ಮುಂದೆ ಮಾಗಡಿಯ ಕೆಂಪೇಗೌಡರ ಮನೆತನ ಈ ಬೆಟ್ಟವನ್ನು ನೋಡಿಕೊಂಡಿತು. ಗುಡಿಯಲ್ಲಿ ಕೆಂಪೇಗೌಡರ ಪ್ರತಿಮೆ ಇದೆ, ಅವರ ಹೆಸರಿನ ಹಜಾರವೂ ಇದೆ. ಹಜಾರ, ಮಂಟಪ, ಕಲ್ಯಾಣಿ ಇವೆಲ್ಲ ದೇವರಿಗೆ ಎಷ್ಟೋ, ಬಂದ ಜನರಿಗೂ ಅಷ್ಟೇ. ನೆರಳು ಬೇಕು, ನೀರು ಬೇಕು, ಬುತ್ತಿ ಬಿಚ್ಚಲು ಜಾಗ ಬೇಕು.

ಬುತ್ತಿಯ ಗಂಟಿನಲ್ಲಿ ಏನಿತ್ತು?

ಬುತ್ತಿಯಲ್ಲಿ ಇದ್ದದ್ದು ನಮಗೆಲ್ಲ ಗೊತ್ತಿರುವುದೇ. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಅನುಕೂಲ ಇದ್ದ ಮನೆಯಾದರೆ ಹುಳಿಯನ್ನ, ಮೊಸರನ್ನ. ಸಂಕ್ರಾಂತಿಯಾದರೆ ಎಳ್ಳು ಬೆಲ್ಲ. ಮುತ್ತುಗದ ಎಲೆ ಹಾಸಿ ಕೂತರೆ ಊಟ ಮುಗಿಯಿತು.

ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದದ್ದು ದುಡ್ಡು ಉಳಿಸಲು ಮಾತ್ರವಲ್ಲ. ದಾರಿಯಲ್ಲಿ ಹೋಟೆಲು ಇರಲಿಲ್ಲ ಎನ್ನುವುದೂ ಪೂರ್ತಿ ಉತ್ತರವಲ್ಲ. ಬೇರೆಯವರು ಬೇಯಿಸಿದ್ದನ್ನು ತಿನ್ನಬಾರದು ಎನ್ನುವ ಜಾತಿಯ ಕಟ್ಟು ಎಲ್ಲರ ಮೇಲಿತ್ತು. ಯಾತ್ರಿಕರಿಗೆ ಛತ್ರಗಳಿದ್ದವು, ಪುಣ್ಯದ ಊಟವೂ ಇತ್ತು. ಆದರೆ ಪಂಕ್ತಿ ಬೇರೆ ಬೇರೆ. ಮೊದಲ ಪಂಕ್ತಿ ಯಾರದು, ಒಳಗೆ ಯಾರು, ಹೊರಗೆ ಯಾರು ಎನ್ನುವುದು ಮೊದಲೇ ತೀರ್ಮಾನವಾಗಿರುತ್ತಿತ್ತು. ಬೇಸಿಗೆಯ ಅರವಟ್ಟಿಗೆಯಲ್ಲಿ ನೀರು ಮಜ್ಜಿಗೆ ಎಲ್ಲರಿಗೂ ಸಿಗುತ್ತಿತ್ತು, ಕೆಲವರಿಗೆ ಲೋಟದಲ್ಲಿ, ಕೆಲವರಿಗೆ ದೂರ ನಿಲ್ಲಿಸಿ ಮೇಲಿನಿಂದ ಬೊಗಸೆಗೆ. ಮೆಟ್ಟಿಲು ಕಡೆದವರ ಮಕ್ಕಳೇ ಗುಡಿಯ ಹೊರಗೆ ನಿಂತು ಕೈ ಮುಗಿದು ಹೋದದ್ದೂ ಇದೇ ಚರಿತ್ರೆಯ ಭಾಗ.

ಹಾಗಾಗಿ ಹಳೇ ಕಾಲದ ಜಾತ್ರೆಯನ್ನು ಎಲ್ಲರೂ ಒಟ್ಟಿಗೆ ಕೂತು ಉಂಡ ಕಾಲವೆಂದು ನೆನೆಯುವುದು ತಪ್ಪು. ಒಂದೇ ಬೆಟ್ಟ ಹತ್ತಿದರು, ಬೇರೆ ಬೇರೆ ಮರದ ಕೆಳಗೆ ಉಂಡರು.

ಬರ ಬಂತು, ರೈಲು ಬಂತು

ಬೆಟ್ಟದಿಂದ ಇಳಿದು ಡಾಬಸ್‌ಪೇಟೆಗೆ ಬನ್ನಿ. ಈ ಹೆಸರು ಬಂದದ್ದು ಡಾಬ್ಸ್ ಎಂಬ ಬ್ರಿಟಿಷ್ ಅಧಿಕಾರಿಯಿಂದ. ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆಗಿದ್ದ ಕಾಲದಲ್ಲಿ, ಅಂದರೆ 1834ರಿಂದ 1861ರ ನಡುವೆ, ತುಮಕೂರು ಸೀಮೆಯ ಆಡಳಿತ ಡಾಬ್ಸ್ ಕೈಯಲ್ಲಿತ್ತು. ಗಾಡಿ ರಸ್ತೆಗಳು ಕೂಡುವ ಕಡೆ ಪೇಟೆ ಬೆಳೆಯಿತು.

ಆಮೇಲೆ 1876–78ರ ಮಹಾ ಬರ. ಹಿರಿಯರ ಬಾಯಲ್ಲಿ ಧಾತು ಈಶ್ವರ ಸಂವತ್ಸರದ ಬರ. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಜನರಿದ್ದರು. ಹತ್ತು ವರ್ಷದ ನಂತರ, 1881ರಲ್ಲಿ, ಉಳಿದವರು ಸುಮಾರು 42 ಲಕ್ಷ. ಹಸಿದು ಸಾಯುವ ಹೊತ್ತಿನಲ್ಲೂ ಗಂಜಿ ಕೇಂದ್ರದಲ್ಲಿ ಬೇಯಿಸುವವರ ಜಾತಿ ನೋಡಿ ಹಿಂಜರಿದವರ ವಿಷಯ ಆ ಕಾಲದ ಬರಹಗಳಲ್ಲಿ ಬರುತ್ತದೆ. ಜಾತಿಯ ಕಟ್ಟು ಹೊಟ್ಟೆಗಿಂತ ಗಟ್ಟಿಯಾಗಿತ್ತು.

ಧಾನ್ಯ ಸಾಗಿಸಲು ದಾರಿ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದು ಬರದಲ್ಲಿ ಎಲ್ಲರಿಗೂ ಕಂಡಿತ್ತು. ಬರದ ನಂತರ ಸಂಸ್ಥಾನದಲ್ಲಿ ರೈಲು ಹಳಿಗಳು ಬೇಗ ಬೇಗ ಬಿದ್ದವು. ಬೆಂಗಳೂರು–ತುಮಕೂರು ರೈಲು 1884ರಲ್ಲಿ ಓಡಿತು. ಎರಡು ದಿನದ ಗಾಡಿ ಪ್ರಯಾಣ ಕೆಲವು ಗಂಟೆಗಳಿಗೆ ಇಳಿಯಿತು. ಬೆಳಿಗ್ಗೆ ಹೋಗಿ ಸಂಜೆ ಬರುವ ಒಂದು ದಿನದ ಪ್ರವಾಸ ಸಾಧ್ಯವಾದದ್ದು ಆಗಲೇ.

ರೈಲು ಇನ್ನೊಂದು ಕೆಲಸವನ್ನೂ ಮಾಡಿತು. ಮೂರನೇ ದರ್ಜೆಯ ಹಲಗೆಯ ಮೇಲೆ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂದು ಆರಿಸಿಕೊಳ್ಳಲು ಆಗುತ್ತಿರಲಿಲ್ಲ. ಟಿಕೆಟ್ ಇದ್ದವರಿಗೆಲ್ಲ ಜಾಗ. ಆದರೆ ರೈಲು ಇಳಿದು ಊಟಕ್ಕೆ ಕೂತರೆ ಮತ್ತೆ ಹಳೆಯ ಗೆರೆ. ದಕ್ಷಿಣ ಭಾರತದ ಎಷ್ಟೋ ನಿಲ್ದಾಣಗಳ ಊಟದ ಕೋಣೆಗಳಲ್ಲಿ ಬ್ರಾಹ್ಮಣರಿಗೆ ಬೇರೆ ಜಾಗ ಇತ್ತು. 20ನೇ ಶತಮಾನದ ಮೊದಲಲ್ಲಿ ಉಡುಪಿ ಕಡೆಯವರು ಊರೂರಿಗೆ ಹೋಗಿ ಹೋಟೆಲು ತೆರೆದರು. ಅಲ್ಲೂ ಮೊದಮೊದಲು ಒಳಗಿನ ಕೋಣೆ ಕೆಲವರಿಗೆ, ಹೊರಗಿನ ಬೆಂಚು ಕೆಲವರಿಗೆ. ದಲಿತರಿಗೆ ಬೆಂಚೂ ಇರಲಿಲ್ಲ.

ಇದನ್ನು ಮುರಿದದ್ದು ಒಂದು ಕಡೆ ಹೋರಾಟ, ಇನ್ನೊಂದು ಕಡೆ ಕಾನೂನು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಂದು ಹೆಸರು ಹೇಳಿಯೇ ಬರೆಯಲಾಗಿದೆ. ಜಾತಿ ಧರ್ಮದ ಕಾರಣಕ್ಕೆ ಯಾರನ್ನೂ ಅಲ್ಲಿಂದ ಹೊರಗಿಡುವಂತಿಲ್ಲ. ಅಸ್ಪೃಶ್ಯತೆ ಆಚರಿಸಿದವರಿಗೆ ಶಿಕ್ಷೆ ಕೊಡುವ ಕಾಯ್ದೆ 1955ರಲ್ಲಿ ಬಂತು. ಸಂವಿಧಾನ ಎಂದರೆ ದೊಡ್ಡ ದೊಡ್ಡ ಮಾತು ಎಂದುಕೊಳ್ಳುತ್ತೇವೆ. ಹೋಟೆಲಿನ ಬೆಂಚಿನ ಬಗ್ಗೆಯೂ ಅದರಲ್ಲಿ ಬರೆದಿದೆ.

ಸಿದ್ಧಗಂಗೆಯ ಒಲೆ

ಡಾಬಸ್‌ಪೇಟೆಯಿಂದ ಹೆದ್ದಾರಿಯಲ್ಲೇ ಮುಂದೆ ಹೋದರೆ, ತುಮಕೂರಿಗೆ ಸ್ವಲ್ಪ ಮೊದಲು ಕ್ಯಾತಸಂದ್ರ. ಪಕ್ಕದಲ್ಲೇ ಸಿದ್ಧಗಂಗೆ. ಇಲ್ಲೂ ಒಂದು ಸಣ್ಣ ಬೆಟ್ಟ, ಮೇಲೆ ಗವಿ, ಗವಿಯೊಳಗೆ ನೀರು. ಬಾಯಾರಿದವರಿಗಾಗಿ ಬಂಡೆಯಿಂದ ಗಂಗೆ ತಂದರು ಎನ್ನುವ ಕತೆ 15ನೇ ಶತಮಾನದ ಗೋಸಲ ಸಿದ್ಧೇಶ್ವರರದ್ದು. ಮಠದ ಹೆಸರಿನಲ್ಲೇ ಆ ನೀರಿದೆ. ಚಳಿಗಾಲ ಮುಗಿಯುತ್ತಾ ಬರುವಾಗ, ಶಿವರಾತ್ರಿಯ ಹೊತ್ತಿಗೆ, ಇಲ್ಲಿ ದೊಡ್ಡ ಜಾತ್ರೆ, ದನಗಳ ಪರಿಷೆ.

ದಾಸೋಹ ಎನ್ನುವ ಮಾತು 12ನೇ ಶತಮಾನದ ಶರಣರದ್ದು. ದುಡಿದದ್ದನ್ನು ಹಂಚಿ ಉಣ್ಣುವುದು, ಕೊಡುವವನು ತಾನು ದೊಡ್ಡವನೆಂದು ತಿಳಿಯದಿರುವುದು. ಛತ್ರದ ದಾನಕ್ಕೂ ದಾಸೋಹಕ್ಕೂ ಇರುವ ವ್ಯತ್ಯಾಸ ಇದು. ಸಿದ್ಧಗಂಗೆಯಲ್ಲಿ ಉದ್ದಾನ ಶಿವಯೋಗಿಗಳ ಕಾಲದಲ್ಲಿ ಪಾಠಶಾಲೆ ಬೆಳೆಯಿತು. 1941ರಲ್ಲಿ ಶಿವಕುಮಾರ ಸ್ವಾಮೀಜಿ ಮಠದ ಹೊಣೆ ಹೊತ್ತರು. ಮಾಗಡಿ ತಾಲ್ಲೂಕಿನ ವೀರಾಪುರದ ರೈತರ ಮನೆಯಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಓದಲು ಬಂದ ಹಳ್ಳಿ ಮಕ್ಕಳಿಗೆ ಊಟ ಹಾಕಲು ಊರೂರಿಗೆ ಹೋಗಿ ಭಿಕ್ಷೆ ಎತ್ತಿದರು. ಒಂದು ಮನೆಯಿಂದ ಸೇರು ರಾಗಿ, ಇನ್ನೊಂದರಿಂದ ಬೇಳೆ. ಮುಂದೆ ಮಕ್ಕಳ ಸಂಖ್ಯೆ ಹತ್ತು ಸಾವಿರದ ಹತ್ತಿರ ಹೋಯಿತು. ಜಾತಿ ಕೇಳದೆ, ಧರ್ಮ ಕೇಳದೆ ಮಕ್ಕಳನ್ನು ಸೇರಿಸಿಕೊಂಡರು, ಒಟ್ಟಿಗೆ ಕೂರಿಸಿ ಉಣ್ಣಿಸಿದರು. 2019ರ ಜನವರಿ 21ರಂದು, ಇಂಥದ್ದೇ ಚಳಿಗಾಲದಲ್ಲಿ, 111ನೇ ವಯಸ್ಸಿನಲ್ಲಿ ತೀರಿಕೊಂಡಾಗ ಸಾಲುಗಟ್ಟಿ ಬಂದ ಜನರಲ್ಲಿ ಅಲ್ಲಿ ಉಂಡು ಓದಿದವರು ಎಷ್ಟೋ ಮಂದಿ.

ಬೆಟ್ಟ ನೋಡಲು ಬಂದವರಿಗೂ ಇಲ್ಲಿ ಪ್ರಸಾದ ಉಂಟು. ಮುದ್ದೆಯೋ ಅನ್ನವೋ, ಬಿಸಿ ಸಾರು. ನೆಲದ ಮೇಲೆ ಸಾಲಾಗಿ ಕೂರಬೇಕು. ಎಡಕ್ಕೆ ಯಾರು, ಬಲಕ್ಕೆ ಯಾರು ಎಂದು ಗೊತ್ತಿರುವುದಿಲ್ಲ. ಹಿಂದೆ ಬೇರೆ ಬೇರೆ ಮರದ ಕೆಳಗೆ ಬುತ್ತಿ ಬಿಚ್ಚಿದವರ ಮೊಮ್ಮಕ್ಕಳು ಇಲ್ಲಿ ಒಂದೇ ಸಾಲಿನಲ್ಲಿದ್ದಾರೆ.

ತಟ್ಟೆ ಇಡ್ಲಿ ಎಂಬ ಹೆದ್ದಾರಿಯ ತಿಂಡಿ

ಮಠದಿಂದ ಹೊರಗೆ ಬಂದರೆ ಕ್ಯಾತಸಂದ್ರದ ಹೋಟೆಲುಗಳು. ಅಗಲವಾದ ತಟ್ಟೆಗೆ ಹಿಟ್ಟು ಹುಯ್ದು, ಒಂದರ ಮೇಲೊಂದು ಜೋಡಿಸಿ, ದೊಡ್ಡ ಪಾತ್ರೆಯಲ್ಲಿ ಹಬೆಗೆ ಇಡುತ್ತಾರೆ. ಮುಚ್ಚಳ ತೆಗೆದಾಗ ಚಳಿಯಲ್ಲಿ ಎದುರಿಗಿರುವವರ ಮುಖ ಕಾಣುವುದಿಲ್ಲ, ಅಷ್ಟು ಹಬೆ. ಮೇಲೆ ಒಂದು ಉಂಡೆ ಬೆಣ್ಣೆ, ಪಕ್ಕಕ್ಕೆ ಕಾಯಿ ಚಟ್ನಿ. ಒಂದು ಇಡ್ಲಿ ತಿಂದರೆ ಸಣ್ಣ ಹಸಿವು ಹೋಗುತ್ತದೆ, ಎರಡು ತಿಂದರೆ ಬೆಟ್ಟ ಹತ್ತುವುದು ಕಷ್ಟ. ಅದಕ್ಕೇ ಇಳಿದು ಬಂದ ಮೇಲೆ ತಿನ್ನುವುದು ಒಳ್ಳೆಯದು.

ಚಳಿಗಾಲದಲ್ಲಿ ಹಿಟ್ಟು ಹುದುಗುವುದು ನಿಧಾನ ಎಂದು ಅಡುಗೆಮನೆಯಲ್ಲಿ ಇರುವವರಿಗೆಲ್ಲ ಗೊತ್ತು. ಉದ್ದಿನಲ್ಲಿ ಇರುವ ಸೂಕ್ಷ್ಮಜೀವಿಗಳು ಕೆಲಸ ಮಾಡಲು ಬೆಚ್ಚಗಿರಬೇಕು. ಬೇಸಿಗೆಯಲ್ಲಿ ಏಳೆಂಟು ಗಂಟೆಗೆ ಉಬ್ಬುವ ಹಿಟ್ಟು ಜನವರಿಯಲ್ಲಿ ಇನ್ನೂ ಹೊತ್ತು ಕೇಳುತ್ತದೆ. ಬೆಳಿಗ್ಗೆ ಐದಕ್ಕೆ ಬಿಸಿ ಇಡ್ಲಿ ಸಿಗಬೇಕಾದರೆ ಹಿಂದಿನ ಮಧ್ಯಾಹ್ನವೇ ಯಾರೋ ರುಬ್ಬಿರುತ್ತಾರೆ, ಒಲೆಯ ಬಳಿ ಪಾತ್ರೆ ಇಟ್ಟು ಕಾದಿರುತ್ತಾರೆ.

ಇಡ್ಲಿಯ ಹೆಸರು ಕನ್ನಡದಲ್ಲಿ ಹಳೆಯದು. 10ನೇ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆ ಬರುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1130ರ ಸುಮಾರಿಗೆ ಬರೆಸಿದ ಮಾನಸೋಲ್ಲಾಸದಲ್ಲೂ ಇದೆ. ಶಾಂತಲೆ ಶಿವಗಂಗೆಯಲ್ಲಿ ಕಣ್ಣು ಮುಚ್ಚಿದ ಕಾಲವೂ ಅದೇ. ಆದರೆ ಆಗಿನ ಇಡ್ಡಲಿಗೆ ಉದ್ದಿನದು. ಈಗಿನಂತೆ ಅಕ್ಕಿ ಬೆರೆಸಿ, ಹುದುಗು ಬರಿಸಿ, ಹಬೆಯಲ್ಲಿ ಬೇಯಿಸುವ ವಿವರ ಆ ಪುಸ್ತಕಗಳಲ್ಲಿ ಇಲ್ಲ. ಅರಮನೆಯ ಆ ತಿಂಡಿ ಹಳ್ಳಿಯ ಒಲೆಗೆ ಬರಲು ಬಹಳ ಕಾಲ ಬೇಕಾಯಿತು. ಈ ಸೀಮೆ ರಾಗಿ ಸೀಮೆ. ಅಕ್ಕಿ ಹಬ್ಬಕ್ಕೆ, ನೆಂಟರಿಗೆ. ಇಡ್ಲಿ ದೋಸೆ ಕಂಡದ್ದು ವರ್ಷಕ್ಕೆ ಬೆರಳೆಣಿಕೆಯ ದಿನ. ಅದು ದಿನದ ತಿಂಡಿಯಾಗಿದ್ದು ಹೋಟೆಲಿನಿಂದ. ರೈಲಿಗೆ ಬಂದವರು, ಲಾರಿ ಓಡಿಸುವವರು, ಸಂತೆಗೆ ಬಂದವರು, ಜಾತ್ರೆಗೆ ಬಂದವರು ಇಲ್ಲಿ ತಿಂದರು.

ಇವತ್ತು ಆ ಹೋಟೆಲಿನಲ್ಲಿ ಜಾಗ ಇಲ್ಲದಿದ್ದರೆ ಏನು ಮಾಡುತ್ತೇವೆ? ತಟ್ಟೆ ಹಿಡಿದು, ಗುರುತಿಲ್ಲದವರ ಪಕ್ಕ ನಿಂತು ತಿನ್ನುತ್ತೇವೆ. ಇಡ್ಲಿ ಬೇಯಿಸಿದವರು ಯಾರು ಎಂದು ಕೇಳುವುದಿಲ್ಲ. ಬಿಸಿ ಇದೆಯಾ ಎಂದು ಮಾತ್ರ ಕೇಳುತ್ತೇವೆ. ಇದು ಸಣ್ಣ ವಿಷಯದಂತೆ ಕಾಣುತ್ತದೆ. ನೂರು ವರ್ಷದ ಹಿಂದೆ ಇದು ಆಗದ ಮಾತಾಗಿತ್ತು.

ದುರ್ಗದ ಮೇಲೆ ಸಂಜೆ

ಹೊಟ್ಟೆ ತುಂಬಿದ ಮೇಲೆ ತುಮಕೂರಿನಿಂದ ಸುಮಾರು 15 ಕಿಲೋಮೀಟರ್ ದೂರದ ದೇವರಾಯನದುರ್ಗ. ಆನೆಬಿದ್ದಜರಿ ಎಂಬ ಹಳೆಯ ಹೆಸರು ಹೋಗಿ, ಜಡಕ ಎಂಬ ನಾಯಕನಿಂದ ಜಡಕನದುರ್ಗವಾಗಿ, 17ನೇ ಶತಮಾನದ ಕೊನೆಯಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದ ಮೇಲೆ ದೇವರಾಯನದುರ್ಗವಾಯಿತು. ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ. ಜಯಮಂಗಲಿ ನದಿ ಹುಟ್ಟುವುದು ಈ ಗುಡ್ಡಗಳಲ್ಲೇ. ದಾರಿಯಲ್ಲಿ ಕಾಡಿನೊಳಗೆ ನಾಮದ ಚಿಲುಮೆ. ನಾಮ ತೇಯಲು ನೀರು ಸಿಗದಾಗ ರಾಮ ಬಾಣ ಬಿಟ್ಟು ತರಿಸಿದ ನೀರೆಂದು ಕತೆ.

ಗಮನಿಸಿದಿರಾ? ಶಿವಗಂಗೆ, ಸಿದ್ಧಗಂಗೆ, ನಾಮದ ಚಿಲುಮೆ. ಮೂರೂ ಕಡೆ ಬಂಡೆಯಿಂದ ನೀರು ಬಂದ ಕತೆ. ಮಳೆ ಕಡಿಮೆ ಇರುವ ನಾಡಿನಲ್ಲಿ ಜನ ಬೆಟ್ಟವನ್ನು ನೀರಿನ ತವರು ಎಂದು ತಿಳಿದಿದ್ದರು. ಬೆಟ್ಟಕ್ಕೆ ಹೋಗುವುದೆಂದರೆ ನೀರು ಎಲ್ಲಿಂದ ಬರುತ್ತದೆ ಎಂದು ನೋಡಿ, ಕೈ ಮುಗಿದು ಬರುವುದು. ಅದೇ ಚಿಲುಮೆಯ ದಾರಿಯಲ್ಲಿ ಈಗ ಚಿಪ್ಸ್ ಪೊಟ್ಟಣ, ನೀರಿನ ಬಾಟಲಿ ಎಸೆದು ಬರುತ್ತೇವೆ. ಮುತ್ತುಗದ ಎಲೆ ಮಣ್ಣಾಗುತ್ತಿತ್ತು. ಇವು ಆಗುವುದಿಲ್ಲ.

ವಾಪಸು ಊರಿಗೆ

ಸಂಜೆ ಚಳಿ ಇಳಿಯುವಾಗ ಮನೆಗೆ ಬರುತ್ತೀರಿ. ಮನೆಯಲ್ಲಿ ಹಿತಕಿದ ಅವರೆಬೇಳೆ ಸಾರಿನ ಸೊಗಡು, ಬಿಸಿ ಮುದ್ದೆ. ಯಾವ ಹೋಟೆಲೂ ಅದಕ್ಕೆ ಸಮ ಇಲ್ಲ ಎನ್ನುವುದನ್ನು ಒಪ್ಪಿಕೊಂಡೇ ಒಂದು ಮಾತು.

ಊಟ ಆದ ಮೇಲೆ ಮನೆಯ ಹಿರಿಯರನ್ನು ಕೇಳಿ. ಅಜ್ಜಿ, ನೀವು ಚಿಕ್ಕವರಿದ್ದಾಗ ಜಾತ್ರೆಗೆ ಹೋದರೆ ಎಲ್ಲಿ ಉಣ್ಣುತ್ತಿದ್ದಿರಿ? ತಾತ, ಮೊದಲ ಸಲ ಹೋಟೆಲಿಗೆ ಹೋದದ್ದು ಯಾವಾಗ? ಒಳಗೆ ಕೂರಿಸಿದರಾ, ಹೊರಗೆ ನಿಲ್ಲಿಸಿದರಾ? ಒಂದೇ ಊರಿನ ಎರಡು ಕೇರಿಗಳಲ್ಲಿ ಈ ಪ್ರಶ್ನೆಗೆ ಎರಡು ಉತ್ತರ ಸಿಗುತ್ತದೆ. ಎರಡನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಆ ಮಾತು ಯಾವ ಶಾಸನದಲ್ಲೂ ಸಿಗುವುದಿಲ್ಲ, ಹೇಳುವವರು ಕಡಿಮೆಯಾಗುತ್ತಿದ್ದಾರೆ.

ಬೆಳಿಗ್ಗೆ ಎದ್ದು ನಿಮ್ಮೂರಿನ ಟೀ ಅಂಗಡಿಗೆ ಹೋದಾಗ ಒಂದು ಸಲ ಸುತ್ತ ನೋಡಿ. ಎಲ್ಲರಿಗೂ ಒಂದೇ ಲೋಟವೇ? ಎಲ್ಲರೂ ಅದೇ ಬೆಂಚಿನ ಮೇಲೆ ಕೂರುತ್ತಾರೆಯೇ? ಯಾರಿಗಾದರೂ ಮಾತ್ರ ಪ್ಲಾಸ್ಟಿಕ್ ಲೋಟ ಕೊಟ್ಟು, ಹೊರಗೆ ನಿಂತು ಕುಡಿಯಲು ಬಿಟ್ಟಿದ್ದಾರೆಯೇ? ಕ್ಯಾತಸಂದ್ರದಲ್ಲಿ ಗುರುತಿಲ್ಲದವರ ಪಕ್ಕ ನಿಂತು ಇಡ್ಲಿ ತಿನ್ನುವುದು ನಮಗೆ ಸುಲಭ. ಅಲ್ಲಿ ನಮ್ಮನ್ನು ಬಲ್ಲವರಿಲ್ಲ. ಗುರುತಿರುವವರ ಪಕ್ಕ, ನಮ್ಮೂರಲ್ಲೇ, ಕೂತು ಟೀ ಕುಡಿಯುವುದು ಕೆಲವು ಕಡೆ ಇನ್ನೂ ಕಷ್ಟವಾಗಿಯೇ ಉಳಿದಿದೆ. ಶಿವಗಂಗೆಯ ಕಡಿದಾದ ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಇದೆ. ಇದನ್ನು ನಾವೇ ಹತ್ತಬೇಕು.